ಒಂದನೇ ನಂಬರಿನ ಎಲೆ

ಕರ್ಕಿಯ ಮಹಾಗಣಪತಿ ಹೆಗಡೆಗೆ ಹೆಸರು ಎಷ್ಟು ದೊಡ್ಡದೋ ಧೈರ್ಯ ಅಷ್ಟೇ ಸಣ್ಣದು. ಮನುಷ್ಯ ಕೆಟ್ಟವನಲ್ಲ. ಯಾರ ಮನಸ್ಸನ್ನೂ ನೋಯಿಸಬಾರದೆಂದು ಹೊರಟು ಎಲ್ಲರ ಮನಸ್ಸನ್ನೂ ಒಟ್ಟಿಗೇ ನೋಯಿಸುವವರು ಊರಿಗೊಬ್ಬರು ಇರುತ್ತಾರಲ್ಲ, ಕರ್ಕಿಗೆ ಅವನು ಇದ್ದ. ಅನುಮಾನವಿದ್ದವರು ಅವನ ಮದುವೆಯ ವಿಡಿಯೋ ನೋಡಬಹುದು. ಹಿರಿಯರಿಗೆ ನಮಸ್ಕಾರ ಮಾಡುವ ಹೊತ್ತಿಗೆ ಒಂದು ಕಡೆ ಅಪ್ಪನ ತಂಗಿ, ಕುಮಟೆಯ ಲಕ್ಷ್ಮೀ ಅತ್ತೆ. ಇನ್ನೊಂದು ಕಡೆ ಅಮ್ಮನ ತಮ್ಮ, ಭಟ್ಕಳದ ತಿಮ್ಮಣ್ಣ ಮಾವ. ಇಬ್ಬರೂ ಕರ್ಕಿಯಲ್ಲೇ ಅಕ್ಕಪಕ್ಕದ ಮನೆಯಲ್ಲಿ ಹುಟ್ಟಿ ಬೆಳೆದವರು, ಇಬ್ಬರೂ ತಾವೇ ಹಿರಿಯರೆಂದು ಪಾದ ಮುಂದೆ ಮಾಡಿ ನಿಂತವರು. ಮಹಾಗಣಪತಿ ಅತ್ತ ನೋಡಿದ, ಇತ್ತ ನೋಡಿದ, ಕೊನೆಗೆ ಇಬ್ಬರ ನಡುವೆ ಇದ್ದ ಮಂಟಪದ ಕಂಬಕ್ಕೆ ಅಡ್ಡಬಿದ್ದ. ಹೊಸ ಹೆಂಡತಿ ಸಂಪದಾ, ಪಾಪ, ಇದೇ ಈ ಮನೆತನದ ಪದ್ಧತಿ ಇರಬೇಕೆಂದು ಕಂಬಕ್ಕೇ ಕೈ ಮುಗಿದಳು. ಅಂದಿನಿಂದ ಇಂದಿನವರೆಗೆ ಅತ್ತೆಯೂ ಮಾವನೂ ಒಂದು ಪಂಕ್ತಿಯಲ್ಲಿ ಕೂತು ಉಂಡದ್ದಿಲ್ಲ.

ಇಂಥ ಮನುಷ್ಯನಿಗೆ ಸಿಕ್ಕ ಕೆಲಸವಾದರೂ ಎಂಥದು? ಜನರನ್ನು ಹಿರಿತನದ ಪ್ರಕಾರ ಸಾಲಾಗಿ ಕೂರಿಸುವುದು.

ಮೊದಲು ಅವನು ಹೊನ್ನಾವರದ ಒಂದು ಪ್ರೆಸ್ಸಿನಲ್ಲಿ ಮದುವೆ ಕಾಗದ ಕಂಪೋಸ್ ಮಾಡುತ್ತಿದ್ದ. ಜನ ಕಾಗದ ಬಿಟ್ಟು ಫೋನಿನಲ್ಲೇ ಕರೆಯಲು ಶುರು ಮಾಡಿದ ಮೇಲೆ ಪ್ರೆಸ್ಸಿಗೆ ಬೀಗ ಬಿತ್ತು. ಆಗ ಕರೆದು ಕೆಲಸ ಕೊಟ್ಟವರು ಭಟ್ಕಳದ ಜುಬೇರ್ ಸಾಹೇಬರು. ಬಸ್‌ಸ್ಟ್ಯಾಂಡಿನ ಹತ್ತಿರ ಬೇಕರಿಯೊಂದರ ಮಾಳಿಗೆಯಲ್ಲಿ ಅವರದೊಂದು ಪುಟ್ಟ ಸಾಫ್ಟ್‌ವೇರ್ ಕಂಪನಿ. ಕಲ್ಯಾಣ ಮಂಟಪಗಳಿಗಾಗಿ ಅವರು ಒಂದು ಸಾಫ್ಟ್‌ವೇರ್ ಮಾಡಿಸುತ್ತಿದ್ದರು. ಬರುವವರ ಹೆಸರು, ಫೋನ್ ನಂಬರು, ಹುಟ್ಟಿದ ತಾರೀಕು ಕೊಟ್ಟರೆ ಸಾಕು, ಅದೇ ಎಲ್ಲರಿಗೂ ಕರೆಯ, ಎಂದರೆ ಆಮಂತ್ರಣ, ಕಳಿಸುತ್ತದೆ. ಊಟದ ಪಂಕ್ತಿಯಲ್ಲಿ ಹಿರಿಯರು ಮುಂದೆ, ಕಿರಿಯರು ಹಿಂದೆ ಎಂದು ಪ್ರತಿಯೊಬ್ಬರಿಗೂ ಎಲೆ ನಂಬರು ಕೊಡುತ್ತದೆ. ಅದನ್ನು ಬರೆದವಳು ಭಾರತಿ ಎಂಬ ಹುಡುಗಿ. ಅದು ಎಲ್ಲಿ ಎಡವುತ್ತದೆ ಎಂದು ಹುಡುಕುವ ಕೆಲಸ ಮಹಾಗಣಪತಿಯದು.

ಜುಬೇರ್ ಸಾಹೇಬರು ಹೇಳಿದ್ದು ಇಷ್ಟೇ: "ಮಳೆಗಾಲದವರೆಗೆ ನೋಡುವ ಹೆಗಡೇರೆ. ಕೆಲಸ ಸರಿ ಕಂಡ್ರೆ ಪರ್ಮನೆಂಟ್ ಮಾಡುವ." ಮಹಾಗಣಪತಿ ಈ ಮಾತಿನಲ್ಲಿ ಮೊದಲಿನ ಅರ್ಧವನ್ನು ಆಫೀಸಿನಲ್ಲೇ ಬಿಟ್ಟು ಉಳಿದರ್ಧವನ್ನು ಮಾತ್ರ ಮನೆಗೆ ತಂದ. ಸಂಪದಾ ಪೇಢೆ ಹಂಚಿದಳು. ಕುಮಟೆಯಿಂದ ಭಟ್ಕಳದವರೆಗಿನ ನೆಂಟರಿಗೆಲ್ಲ ನಮ್ಮ ಮಹಾಗಣಪತಿ ಪರ್ಮನೆಂಟ್ ಎಂದು ಗೊತ್ತಾಯಿತು. ಗೊತ್ತಾಗದೇ ಉಳಿದವರು ಜುಬೇರ್ ಸಾಹೇಬರು ಒಬ್ಬರೇ.

ಸೋಮವಾರ ಶಿರಾಲಿಯ ಒಂದು ಮಂಟಪದ ಮಾಲೀಕರಿಗೆ ಸಾಫ್ಟ್‌ವೇರ್ ತೋರಿಸುವುದೆಂದು ನಿಕ್ಕಿಯಾಯಿತು. ಅದರ ಹಿಂದಿನ ಶುಕ್ರವಾರ ಭಾರತಿ ರಜೆಯ ಮೇಲೆ ಹೊರಟವಳು ಮಹಾಗಣಪತಿಗೆ ಕೆಲಸ ವಹಿಸಿ ಹೋದಳು.

"ಹೆಗಡೇರೆ, ನೀವು ಒಂದೊಂದೇ ಹೆಸರು ಹಾಕಿ ನೋಡ್ತಾ ಕೂತ್ರೆ ಈ ಜನ್ಮದಲ್ಲಿ ಮುಗೀಲಿಕ್ಕಿಲ್ಲ. ಮಷಿನ್ನಿಗೆ ಒಂದಿಷ್ಟು ಹೆಸರು ಕೊಟ್ಟುಬಿಡಿ. ಅದೇ ಅಲ್ಲಿಂದಿಲ್ಲಿಂದ ಹೆಕ್ಕಿ ಗುಂಪು ಮಾಡ್ತಾ ಹೋಗ್ತದೆ. ದೊಡ್ಡ ಗುಂಪು, ಸಣ್ಣ ಗುಂಪು, ಯಾರೂ ಇಲ್ಲದ ಗುಂಪು, ಎಲ್ಲಾ. ಒಂದು ಗುಂಪಲ್ಲಿ ಒಬ್ರು ಎರಡು ಸಲ ಬರ್ಬಾರ್ದು, ಯಾರೂ ಎಲೆ ಇಲ್ಲದೆ ಉಳೀಬಾರ್ದು, ಎಲ್ರೂ ಹುಟ್ಟಿದ ತಾರೀಕಿನ ಸಾಲಲ್ಲೇ ಇರ್ಬೇಕು, ಅಷ್ಟೇ. ಎಲ್ಲಾದ್ರೂ ತಪ್ಪು ಸಿಕ್ತೋ, ಆ ಗುಂಪಿಂದ ಒಬ್ಬೊಬ್ರನ್ನೇ ತೆಗ್ದು ತೆಗ್ದು ನೋಡ್ತದೆ. ಯಾರನ್ನ ತೆಗೆದ್ರೂ ತಪ್ಪು ಹಾಗೇ ಇದ್ರೆ ಅವ್ರು ಕಾರಣ ಅಲ್ಲ. ಕಡೀಗೆ ಯಾರು ಉಳೀತಾರೋ ಅವ್ರಲ್ಲೇ ಇದೆ ತೊಂದ್ರೆ. ಎಂತಾದ್ರೂ ಸುಳ್ಳು ಹೆಸರು ಕೊಡಿ. ಮೆಸೇಜ್ ಮಾತ್ರ ಬಂದ್ ಮಾಡಿ ಇಟ್ಕೊಳ್ಳಿ."

ಮಹಾಗಣಪತಿಗೆ ಎಲ್ಲ ಅರ್ಥವಾಯಿತು, ಕೊನೆಯ ಎರಡು ಮಾತು ಬಿಟ್ಟು.

ಸುಳ್ಳು ಹೆಸರು ಕೊಡಲು ಅವನಿಗೆ ಮನಸ್ಸು ಬರಲಿಲ್ಲ. ಇಲ್ಲದವರಿಗೆ ಎಲೆ ಹಾಕುವುದು ಶ್ರಾದ್ಧದ ದಿನ ಮಾತ್ರ. ಒಳ್ಳೆಯ ಕೆಲಸಕ್ಕೆ ಹೊರಟ ಸಾಫ್ಟ್‌ವೇರಿನ ಮೊದಲ ಊಟದಲ್ಲೇ ಅಂಥ ಎಲೆ ಬೀಳುವುದು ಬೇಡ ಎಂದುಕೊಂಡ. ನೆಂಟರಿಷ್ಟರ ಆಧಾರು, ಪಿಂಚಣಿ, ರೇಷನ್ ಕಾರ್ಡಿನ ಅರ್ಜಿಗಳನ್ನೆಲ್ಲ "ಕಂಪ್ಯೂಟರ್ ಗೊತ್ತಿದ್ದವ" ಎಂದು ಅವನೇ ತುಂಬಿಕೊಡುತ್ತ ಬಂದಿದ್ದರಿಂದ ಎಲ್ಲರ ಹುಟ್ಟಿದ ತಾರೀಕು ಅವನ ಬಳಿ ಇತ್ತು. ಇಡೀ ಬಳಗವನ್ನು, ಜೊತೆಗೆ ಕರ್ಕಿ ಕ್ರಾಸಿನ ರಿಕ್ಷಾ ರಾಘುವನ್ನೂ ಸೇರಿಸಿ, ಮಷಿನ್ನಿಗೆ ಒಪ್ಪಿಸಿದ. ಕರೆಯುವವರ ಜಾಗದಲ್ಲಿ ತನ್ನ ಹೆಸರನ್ನೇ, ಊಟದ ದಿನದ ಜಾಗದಲ್ಲಿ ಬರುವ ಭಾನುವಾರವನ್ನೇ ಹಾಕಿದ. ಇನ್ನು ಮೆಸೇಜ್ ಬಂದ್ ಮಾಡಬೇಕಲ್ಲ? ತನ್ನ ಮೊಬೈಲನ್ನು ಸ್ವಿಚ್ ಆಫ್ ಮಾಡಿ ಮೇಜಿನ ಡ್ರಾವರಿನಲ್ಲಿಟ್ಟು, ಸಾಲದ್ದಕ್ಕೆ ಡ್ರಾವರಿಗೆ ಬೀಗವನ್ನೂ ಹಾಕಿದ.

ಆಮೇಲಿನ ಕೆಲಸ ನೋಡಲು ಹಿತವಾಗಿತ್ತು. ಪರದೆಯ ಮೇಲೆ ಗುಂಪುಗಳು ಹುಟ್ಟಿದವು, ಸಾಲಾಗಿ ನಿಂತವು, ಹೋದವು. ಒಮ್ಮೆ ಬಳಗವೆಲ್ಲ ಒಟ್ಟಿಗೆ ಕೂತಿತು. ಒಮ್ಮೆ ರಾಘು ಒಬ್ಬನೇ ಕೂತ. ಒಮ್ಮೆ ಯಾರೂ ಇರಲಿಲ್ಲ. ಮಹಾಗಣಪತಿಗೆ ಆ ಊಟವೇ ಎಲ್ಲಕ್ಕಿಂತ ನೆಮ್ಮದಿಯದ್ದಾಗಿ ಕಂಡಿತು. ಅಷ್ಟರಲ್ಲಿ ಪರದೆ ಕೆಂಪಾಯಿತು. ತಪ್ಪು ಸಿಕ್ಕಿತ್ತು. ಭಾರತಿ ಹೇಳಿದಂತೆಯೇ ಮಷಿನ್ನು ಒಬ್ಬೊಬ್ಬರನ್ನೇ ಎಬ್ಬಿಸತೊಡಗಿತು. ದೊಡ್ಡಪ್ಪ ಎದ್ದ, ಚಿಕ್ಕಮ್ಮ ಎದ್ದಳು, ರಾಘು ಎದ್ದ, ಬೀಗರು ಎದ್ದರು. ಯಾರು ಎದ್ದರೂ ಕೆಂಪು ಹೋಗಲಿಲ್ಲ. ಕೊನೆಗೆ ಪರದೆಯ ಮೇಲೆ ಉಳಿದದ್ದು ಎರಡೇ ಹೆಸರು.

ಲಕ್ಷ್ಮೀ ಅತ್ತೆ. ತಿಮ್ಮಣ್ಣ ಮಾವ.

ಮಹಾಗಣಪತಿ ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿದ. ಮದುವೆ ಮಂಟಪದ ಕಥೆ ಈ ಮಷಿನ್ನಿಗೆ ಹೇಳಿದವರು ಯಾರು? ಎದ್ದು ಸೀದಾ ಸಾಹೇಬರ ಕೋಣೆಗೆ ಹೋದ.

"ಸಾಹೇಬ್ರೆ, ಸಾಫ್ಟ್‌ವೇರಲ್ಲಿ ತಪ್ಪೇ ಇಲ್ಲ. ಅದ್ಕೆ ನಮ್ಗಿಂತ ಹೆಚ್ಚು ಗೊತ್ತಿದೆ. ಇವ್ರಿಬ್ರನ್ನ ಒಂದು ಪಂಕ್ತೀಲಿ ಕೂರ್ಸೂಕೆ ಆಗೂದಿಲ್ಲ ಅಂತ ಅದೇ ಕಂಡುಹಿಡಿದಿದೆ."

ಜುಬೇರ್ ಸಾಹೇಬರು ಚಹಾದ ಲೋಟ ಕೆಳಗಿಟ್ಟರು. "ಹೌದಾ? ಕೂರಿಸ್ಲಿಕ್ಕೆ ಆಗದೆ ಅದು ಎಂತ ಮಾಡ್ತದೆ?"

"ಇಬ್ರಿಗೆ ಒಂದೇ ಎಲೆ ಹಾಕ್ತದೆ."

"ಮಾರಾಯ್ರೆ, ನಮ್ಮ ಭಟ್ಕಳದಲ್ಲಿ ಕರೆದ ಅತಿಥಿಗೆ ಊಟದ ಜಾಗ ಇಲ್ಲ ಅಂದ್ರೆ ನಾನು ಊರು ಬಿಡ್ಬೇಕು. ಸೋಮವಾರ ಬೆಳಿಗ್ಗೆ ಒಳಗೆ ಯಾಕೆ ಅಂತ ಹೇಳಿ. ಹೇಳಿದ್ರೆ ನೀವು ಪರ್ಮನೆಂಟ್. ಇಲ್ಲಾಂದ್ರೆ..." ಸಾಹೇಬರು ಮಾತು ಮುಗಿಸದೆ ಲೋಟ ಎತ್ತಿಕೊಂಡರು. ಮಹಾಗಣಪತಿ ಡ್ರಾವರಿನ ಮೊಬೈಲನ್ನೂ ಮರೆತು ಮನೆಯ ದಾರಿ ಹಿಡಿದ.

ಕರ್ಕಿ ಕ್ರಾಸಿನಲ್ಲಿ ಬಸ್ಸಿನಿಂದ ಇಳಿದರೆ ರಾಘು ರಿಕ್ಷಾದಲ್ಲಿ ಕೂತು ಅವನನ್ನೇ ನೋಡುತ್ತಿದ್ದ. ಎಂದೂ ಹಾಗೆ ನೋಡಿದವನಲ್ಲ.

"ಹೆಗಡೇರೆ, ನಾ ಎಂತ ತಪ್ಪು ಮಾಡ್ದೆ ಹೇಳಿ."

"ಎಂತದು ರಾಘು?"

"ಆಯ್ತವಾರ ಊಟಕ್ಕೆ ಬನ್ನಿ ಅಂದ್ರಿ. ಖುಷಿ ಆತು, ಮನೇಲೂ ಹೇಳ್ದೆ. ಸ್ವಲ್ಪ ಹೊತ್ತಿಗೆ ನಿಮ್ಮ ಎಲೆ ತೆಗೆದದೆ ಅಂದ್ರಿ. ಆತು, ದೊಡ್ಡವ್ರ ಮನೆ ಊಟ, ಜನ ಹೆಚ್ಚಾಗಿರ್ಬೇಕು ಅಂದ್ಕಂಡೆ. ಮತ್ತೆ ಕರೆದ್ರಿ. ಮತ್ತೆ ತೆಗೆದ್ರಿ. ಒಂದು ಸಲ ನನ್ನೊಬ್ನನ್ನೇ ಕರೆದ್ರಿ. ಹೀಗೆ ಕೂತವ್ರನ್ನ ಎಬ್ಬಿಸಿ, ಎದ್ದವ್ರನ್ನ ಕೂರ್ಸಿದ್ರೆ ಬಡವ ಎಂತ ಮಾಡೂದು?" ರಾಘು ಫೋನನ್ನು ಅವನ ಮುಖಕ್ಕೆ ಹಿಡಿದ. ಪ್ರತಿ ಮೆಸೇಜಿನ ಕೆಳಗೂ ಇಂತಿ ಮಹಾಗಣಪತಿ ಹೆಗಡೆ, ಕರ್ಕಿ ಎಂದಿತ್ತು.

ಬಂದ್ ಮಾಡಬೇಕಾದದ್ದು ಮಷಿನ್ನಿನ ಮೆಸೇಜು, ತನ್ನ ಮೊಬೈಲಲ್ಲ ಎಂದು ಆಗ ಅವನಿಗೆ ಹೊಳೆಯಿತು. ಹೊಳೆದದ್ದರಿಂದ ಉಪಯೋಗವೇನೂ ಆಗಲಿಲ್ಲ.

ಮನೆಯ ಬಾಗಿಲಲ್ಲಿ ಸಂಪದಾ ನಿಂತಿದ್ದಳು. "ನಿಂಗ ಎಂತ ಮಾಡಿಟ್ಟಿದ್ದಿ? ಮಧ್ಯಾಹ್ನಂದ ಫೋನು ಬಂದು ಬಂದು ಯನ್ನ ಕಿವಿ ಬಿಸಿ ಆಜು. ದೊಡ್ಡಪ್ಪ ಹೇಳ್ತ, ಕರೆಯಕ್ಕೆ ಮನೆ ಬಾಗ್ಲಿಗೆ ಬರದೇ ಫೋನಲ್ಲಿ ಕರದ್ದು ಒಂದು ತಪ್ಪು, ಕರದು ಎಲೆ ತೆಗದ್ದು ಮತ್ತೊಂದು ತಪ್ಪು ಹೇಳಿ. ಚಿಕ್ಕಮ್ಮ ಅಳ್ತಾ ಇದ್ದು."

ಬೇಲಿಯಾಚೆಯಿಂದ ಪಕ್ಕದ ಮನೆಯ ಗಂಗಿ ಇಣುಕಿದಳು. "ಎಂತ ವಿಶೇಷ ಅಮಾ? ನಮ್ಗೆ ಹೇಳ್ಲೇ ಇಲ್ಲ." ಅವಳ ಕಣ್ಣು ಸಂಪದಾಳ ಹೊಟ್ಟೆಯ ಮೇಲಿತ್ತು. ಕತ್ತಲಾಗುವುದರೊಳಗೆ ಕರ್ಕಿಯಲ್ಲಿ ಮೂರು ಸುದ್ದಿ ಹಬ್ಬಿತು: ಹೆಗಡೆಯ ಮನೆಯಲ್ಲಿ ಸೀಮಂತ, ಹೆಗಡೆ ಜಾಗ ಕೊಂಡ, ಹೆಗಡೆಗೆ ತಲೆ ಸರಿಯಿಲ್ಲ. ಮೂರನೆಯದನ್ನು ನಂಬಿದವರು ಹೆಚ್ಚು.

"ಎಲ್ಲರಿಗೂ ಫೋನ್ ಮಾಡಿ ಇದು ಮಷಿನ್ನಿನ ಪರೀಕ್ಷೆ ಹೇಳಿ ಹೇಳ್ಬಿಡಿ, ಮುಗತ್ತು" ಎಂದಳು ಸಂಪದಾ, ಗಂಡನ ಬಾಯಿಂದ ನಡೆದದ್ದನ್ನು ಕೇಳಿ.

ಅದೊಂದು ಮಾತ್ರ ಸಾಧ್ಯವಿರಲಿಲ್ಲ. ಪರೀಕ್ಷೆಗೆಂದು ನಮ್ಮನ್ನು ಎಬ್ಬಿಸಿ ಕೂರಿಸಿದೆಯಾ ಎಂದು ದೊಡ್ಡಪ್ಪ ಕೇಳುತ್ತಾನೆ. ಯಾಕೆ ಪರೀಕ್ಷೆ ಎಂದು ಚಿಕ್ಕಮ್ಮ ಕೇಳುತ್ತಾಳೆ. ಕೇಳುತ್ತ ಕೇಳುತ್ತ ಮಾತು ಪರ್ಮನೆಂಟಿನ ಬುಡಕ್ಕೆ ಬಂದು ನಿಲ್ಲುತ್ತದೆ. ಆಗ ಸಂಪದಾ ಹಂಚಿದ ಪೇಢೆಯನ್ನು ಯಾರ ಬಾಯಿಂದ ವಾಪಸ್ಸು ತರುವುದು? ಹಾಗಾಗಿ ಮಹಾಗಣಪತಿ ತನಗೆ ಚೆನ್ನಾಗಿ ಬರುವ ಕೆಲಸವನ್ನೇ ಮಾಡಿದ. ಏನೂ ಮಾಡದೆ ಸುಮ್ಮನೆ ಕೂತ. ಹೇಗೂ ಎಲ್ಲರ ಎಲೆಯನ್ನೂ ತೆಗೆದಾಗಿದೆ, ಭಾನುವಾರ ಯಾರೂ ಬರುವುದಿಲ್ಲ ಎಂದು ಅವನ ಲೆಕ್ಕ.

ಆದರೆ ಇಬ್ಬರ ಎಲೆಯನ್ನು ಮಷಿನ್ನು ತೆಗೆದಿರಲಿಲ್ಲ.

ಶನಿವಾರ ಸಂಜೆ ಲಕ್ಷ್ಮೀ ಅತ್ತೆ ಸಂಪದಾಳಿಗೆ ಫೋನ್ ಮಾಡಿ "ನಾಳೆ ಬತ್ತೆ" ಎಂದು ಇಟ್ಟುಬಿಟ್ಟಳು. ಸಂಪದಾ ಮಾವಿನಕಾಯಿಯ ಅಪ್ಪೆಹುಳಿ, ಹಲಸಿನಕಾಯಿ ಪಲ್ಯ, ಕಡ್ಲೆಬೇಳೆ ಪಾಯಸಕ್ಕೆ ತಯಾರಿ ಮಾಡಿಕೊಂಡಳು. ತಿಮ್ಮಣ್ಣ ಮಾವನೂ ಬರುವ ಸುದ್ದಿ ಹೇಳಲು ಮಹಾಗಣಪತಿಗೆ ಫೋನ್ ಮಾಡಿದ್ದ. ಆ ಫೋನು ಬೀಗ ಹಾಕಿದ ಡ್ರಾವರಿನಲ್ಲಿ ನಿದ್ದೆ ಮಾಡುತ್ತಿತ್ತು.

ಭಾನುವಾರ ಮಧ್ಯಾಹ್ನ ಹೆದ್ದಾರಿಯ ಆಚೆ ಬದಿಗೆ ಕುಮಟೆಯ ಬಸ್ಸು ನಿಂತಿತು, ಈಚೆ ಬದಿಗೆ ಭಟ್ಕಳದ ಬಸ್ಸು ನಿಂತಿತು. ಎರಡೂ ಹೊರಟುಹೋದ ಮೇಲೆ ರಸ್ತೆಯ ಎರಡು ಬದಿಯಲ್ಲಿ ಎರಡು ಕೊಡೆಗಳು ಒಂದನ್ನೊಂದು ನೋಡುತ್ತ ನಿಂತಿದ್ದವು. ರಾಘು ಇಬ್ಬರನ್ನೂ ಒಂದೇ ರಿಕ್ಷಾದಲ್ಲಿ ತಂದು ಬಿಟ್ಟ. ದಾರಿಯುದ್ದಕ್ಕೂ ಇಬ್ಬರೂ ಅವನೊಂದಿಗೆ ಮಾತ್ರ ಮಾತಾಡಿದರಂತೆ.

"ತಮಾ" ಎಂದಳು ಅತ್ತೆ, ಮೆಟ್ಟಿಲಲ್ಲೇ. "ಬಳಗದವ್ರ ಎಲೆ ಎಲ್ಲ ತೆಗದು ಯನ್ನದೊಂದು ಉಳ್ಸಿದ್ದೆ. ಅಂತೂ ಹಿರಿಯರು ಯಾರು ಹೇಳಿ ನಿಂಗೆ ತಿಳತ್ತು. ನೋಡು, ಒಂದನೇ ನಂಬರು."

"ಒಂದನೇ ನಂಬರು ಯಂದು" ಎಂದ ಮಾವ. ಅವನೂ ಫೋನು ತೆಗೆದ. ಅದರಲ್ಲೂ ಒಂದನೇ ನಂಬರೇ ಇತ್ತು.

ಇಬ್ಬರೂ ಫೋನುಗಳನ್ನು ಮಹಾಗಣಪತಿಯ ಮೂಗಿನ ಕೆಳಗೆ ಹಿಡಿದು ನಿಂತರು. ಅವನು ಅಭ್ಯಾಸಬಲದಿಂದ ಕಂಬ ಹುಡುಕಿದ. ಬಾಡಿಗೆಯ ತಾರಸಿ ಮನೆ, ಕಂಬವಿರಲಿಲ್ಲ.

ಸಂಪದಾ ಒಳಗಿನಿಂದ ಇನ್ನೊಂದು ಬಾಳೆಲೆ ತಂದು ಸಾಲಿಗೆ ಹಾಕಿದಳು. ಈಗ ದೇವರ ಕೋಣೆಯ ಕಡೆಯ ಎಲೆ ಒಂದನೆಯದು, ಬಚ್ಚಲಿನ ಕಡೆಯದು ಎರಡನೆಯದು. ಬಚ್ಚಲಿನ ಕಡೆ ಹೆಜ್ಜೆ ಇಡಲು ಇಬ್ಬರೂ ತಯಾರಿರಲಿಲ್ಲ. ಪಾಯಸ ಆರುತ್ತಿತ್ತು.

"ಕೂತ್ಕಳಿ ಮಾವ" ಎಂದ ಮಹಾಗಣಪತಿ. ಅತ್ತೆಯ ಮುಖ ನೋಡಿ "ಅತ್ತೆ, ನೀ ಕೂತ್ಕ" ಎಂದ. ಮಾವನ ಮುಖ ನೋಡಿ ತಾನೇ ಕೂರಲು ಹೋದ. ಸಂಪದಾ ಅವನ ತೋಳು ಹಿಡಿದು ಎಬ್ಬಿಸಿದಳು.

"ಇಷ್ಟಕ್ಕೂ ಹುಟ್ಟಿದ್ದು ಯಾವಾಗ ಹೇಳಿ ಹೇಳ್ಬಿಡಿ. ಮೊದ್ಲು ಹುಟ್ಟಿದವ್ವು ಮೊದ್ಲು ಕೂತ್ಕಂಡ್ರೆ ಆತು" ಎಂದಳು ಅವಳು. ಮದುವೆಯಾಗಿ ಹತ್ತು ವರ್ಷದಿಂದ ಯಾರೂ ಕೇಳದ ಪ್ರಶ್ನೆ ಅದು.

"ಜೂನ್ ಒಂದು, ಐವತ್ತೊಂಬತ್ತು" ಎಂದಳು ಅತ್ತೆ. "ಶಾಲೆ ಸರ್ಟಿಫಿಕೇಟ್ ಇದ್ದು."

ಮಾವ ನಗಲು ಬಾಯಿ ತೆರೆದವನು ಅರ್ಧಕ್ಕೇ ನಿಲ್ಲಿಸಿದ. "ಯಂದೂ ಅದೇಯ. ಜೂನ್ ಒಂದು, ಐವತ್ತೊಂಬತ್ತು."

ಮಹಾಗಣಪತಿಯ ಮೂಗಿನ ಬಳಿ ಹಿಡಿದಿದ್ದ ಎರಡೂ ಫೋನುಗಳು ಕೆಳಗಿಳಿದವು.

"ನಂಗ್ಳನ್ನ ಶಾಲೆಗೆ ಸೇರಿಸಿದ್ದು ಒಂದೇ ದಿನ" ಎಂದಳು ಅತ್ತೆ, ನಿಧಾನವಾಗಿ. "ಮಾಸ್ತರು ಹುಟ್ಟಿದ್ದು ಯಾವಾಗ ಕೇಳಿದ್ರೆ ಅಪ್ಪಯ್ಯ, ಹಲಸಿನಹಣ್ಣು ಮುಗಿಯ ಹೊತ್ತಿಗೆ ಅಂದ."

"ಯನ್ನ ಅಪ್ಪಯ್ಯ, ಇವರ ಕೂಸಿನ ಹಿಂದೆ ಮುಂದೆ ಬರ್ಕಳಿ ಅಂದ" ಎಂದ ಮಾವ. "ಹಿಂದೋ ಮುಂದೋ ಮಾಸ್ತರು ಕೇಳಿದ್ವಿಲ್ಲೆ. ಎಲ್ಲರಿಗೂ ಜೂನ್ ಒಂದು ಬರದು ಬಾಗ್ಲು ಹಾಕ್ಕಂಡು ಹೋದ."

ತಮ್ಮ ಹಿರಿತನ ಒಬ್ಬ ಮಾಸ್ತರ ಮನೆಗೆ ಹೋಗುವ ಅವಸರದಲ್ಲಿ ಕಳೆದುಹೋಗಿದೆ ಎಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಆದರೆ ಮಹಾಗಣಪತಿಗೆ ತಿಳಿದದ್ದು ಬೇರೆ. ಅವನು ಪಾಯಸದ ಪಾತ್ರೆಯ ಪಕ್ಕದಲ್ಲೇ ಕುಣಿದ.

"ಸಿಕ್ತು! ಮಷಿನ್ನು ಹೆಸರು ನೋಡ್ತೇ ಇಲ್ಲೆ, ತಾರೀಕು ಒಂದೇ ನೋಡ್ತು. ತಾರೀಕು ಒಂದೇ ಆದ್ರೆ ಮನುಷ್ಯನೂ ಒಬ್ನೇ ಹೇಳಿ ತಿಳ್ಕತ್ತು. ಒಬ್ರು ಎರಡು ಸಲ ಬರಲಾಗ ಹೇಳಿ ಒಬ್ರನ್ನ ಬಿಟ್ಟು ಒಂದೇ ಎಲೆ ಹಾಕ್ತು. ಅದರ ಲೆಕ್ಕದಲ್ಲಿ ನಿಂಗ ಇಬ್ರೂ ಒಬ್ರೇಯ. ಯನ್ನ ಕೆಲಸ ಉಳತ್ತು!"

"ಈ ತಿಮ್ಮಣ್ಣನೂ ಆನೂ ಒಂದೇಯ?" ಎಂದಳು ಅತ್ತೆ.

"ಈ ಲಕ್ಷ್ಮೀನೂ ಆನೂ ಒಂದೇಯ?" ಎಂದ ಮಾವ.

ಕಂಬದ ಪ್ರಕರಣದ ನಂತರ ಇಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಆ ಮಷಿನ್ನು ಮಾಡಿದವರಿಗೆ ಬುದ್ಧಿಯಿಲ್ಲ ಎಂದು ಇಬ್ಬರೂ ಸೇರಿ ಬೈದರು. ಬೈಯುತ್ತಿರುವಾಗಲೇ ಸಂಪದಾ ಎರಡೂ ಎಲೆಗಳನ್ನು ಎತ್ತಿ ಎದುರುಬದುರಾಗಿ ಹಾಕಿದಳು. ಎದುರುಬದುರು ಕೂತರೆ ಹಿಂದಿಲ್ಲ, ಮುಂದಿಲ್ಲ. ಇಬ್ಬರೂ ಗೊಣಗುತ್ತ ಕೂತರು. ಅಪ್ಪೆಹುಳಿ ಮೂರು ಸಲ ಬಡಿಸಬೇಕಾಯಿತು.

ಕೈ ತೊಳೆಯುವಾಗ ಅತ್ತೆ ಕೇಳಿದಳು: "ತಮಾ, ಕೆಲಸ ಉಳತ್ತು ಹೇಳದ್ರೆ ಎಂತದು? ಪರ್ಮನೆಂಟ್ ಆಜು ಹೇಳಿ ಪೇಢೆ ಕೊಟ್ಟಿದ್ದಿ."

"ನಾಳೆ ಆಗ್ತು ಅತ್ತೆ" ಎಂದ ಮಹಾಗಣಪತಿ. ಅತ್ತೆ ಮಾವನ ಮುಖ ನೋಡಿದಳು, ಮಾವ ಅತ್ತೆಯ ಮುಖ ನೋಡಿದ. ಆ ದಿನದ ಎರಡನೇ ಒಮ್ಮತ ಅದು.

ಸೋಮವಾರ ಬೆಳಿಗ್ಗೆ ರಜೆಯಿಂದ ಬಂದ ಭಾರತಿ ವಿಷಯ ಕೇಳಿ ತಲೆ ಚಚ್ಚಿಕೊಂಡು, ತಾರೀಕು ಒಂದೇ ಇದ್ದರೆ ಹೆಸರನ್ನೂ ನೋಡುವಂತೆ ಸರಿಮಾಡಿದಳು. ಶಿರಾಲಿಯ ಮಂಟಪದ ಮಾಲೀಕರು ತಮ್ಮ ಮನೆಯ ಹಿರಿಯರ ಹೆಸರು ಕೊಟ್ಟರು. ನೋಡಿದರೆ ಅರ್ಧಕ್ಕರ್ಧ ಜನ ಜೂನ್ ಒಂದರಂದು ಹುಟ್ಟಿದವರು. ಅಣ್ಣ, ತಮ್ಮ, ಭಾವ ಎಲ್ಲರಿಗೂ ಮಾಸ್ತರು ಅದೇ ತಾರೀಕು ಕರುಣಿಸಿದ್ದರು. ಒಬ್ಬರ ಎಲೆಯೂ ತಪ್ಪಲಿಲ್ಲ.

"ನನ್ನ ಅಬ್ಬಾಂದೂ ಜೂನ್ ಒಂದೇ ಮಾರಾಯ್ರೆ" ಎಂದರು ಜುಬೇರ್ ಸಾಹೇಬರು, ವಾಪಸ್ಸು ಬರುವಾಗ ಕಾರಿನಲ್ಲಿ. "ನೀವು ಸಿಗದಿದ್ರೆ ಬರುವ ಶುಕ್ರವಾರ ನಮ್ಮನೆ ದಾವತ್ತಿನ ಊಟದಲ್ಲಿ ಅವ್ರಿಗೇ ಜಾಗ ಇರ್ಲಿಕ್ಕಿಲ್ಲ. ಇವತ್ತಿಂದ ನೀವು ಪರ್ಮನೆಂಟ್."

ಇಷ್ಟು ದಿನ ಸುಳ್ಳಾಗಿದ್ದ ಮಾತು ನಿಜವಾಗಿತ್ತು. ಮಹಾಗಣಪತಿಗೆ ಎದೆಯ ಮೇಲಿನ ಭಾರ ಇಳಿದು, ಆ ಜಾಗದಲ್ಲಿ ಉದಾರತನ ಉಕ್ಕಿತು. ಎಬ್ಬಿಸಿ ಕಳಿಸಿದ ಬಳಗವನ್ನೆಲ್ಲ ಕರೆದು, ರಾಘುವನ್ನೂ ಸೇರಿಸಿ, ನಿಜವಾದ ಊಟ ಹಾಕಿಸುತ್ತೇನೆಂದ. ಈ ಸಲ ಫೋನು ಬೇಡ, ಮನೆ ಮನೆಗೆ ಹೋಗಿ ಅಕ್ಷತೆ ಕೊಟ್ಟು ಕರೆಯುವುದು.

ಮಾರನೆಯ ದಿನ ಗಂಡ ಹೆಂಡತಿ ಅಕ್ಷತೆಯ ಡಬ್ಬಿ ಹಿಡಿದು ಕರ್ಕಿ ಕ್ರಾಸಿಗೆ ಬಂದರು. ಉತ್ತರಕ್ಕೆ ಕುಮಟೆ, ದಕ್ಷಿಣಕ್ಕೆ ಭಟ್ಕಳ. ಮೊದಲ ಕರೆಯ ಯಾರ ಮನೆಗೆ? ಮಹಾಗಣಪತಿ ಎರಡು ಬಸ್ಸು ಬಿಟ್ಟ. ಆಮೇಲೆ ತನ್ನ ಜೀವಮಾನದಲ್ಲೇ ಅತಿ ಜಾಣತನದ ಒಂದು ಉಪಾಯ ಹುಡುಕಿದ. ಸಂಪದಾಳನ್ನು ಕುಮಟೆಯ ಬಸ್ಸಿಗೆ ಹತ್ತಿಸಿದ, ಅದೇ ಹೊತ್ತಿಗೆ ತಾನು ಭಟ್ಕಳದ ಬಸ್ಸು ಹತ್ತಿದ. ಇಬ್ಬರ ಬಾಗಿಲಿಗೂ ಒಂದೇ ಸಮಯಕ್ಕೆ ಅಕ್ಷತೆ ತಲುಪಿತು.

ಸಂಜೆ ಮೊದಲು ಅತ್ತೆಯ ಫೋನು ಬಂತು. "ಅವನ ಮನೆಗೆ ನೀನೇ ಹೋದೆ. ಯಂಗೆ ಹೆಂಡ್ತಿ ಸಾಕು ಹೇಳಿ ಆತಾ?"

ಅದನ್ನು ಇಡುವಷ್ಟರಲ್ಲಿ ಮಾವನ ಫೋನು. "ಆ ಲಕ್ಷ್ಮೀ ಮನೆಗೆ ಕುಂಕುಮ ಹಿಡ್ಕಂಡು ಮನೆಯೊಡತಿ ಹೋಜು. ಯನ್ನ ಮನೆಗೆ ನೀ ಒಬ್ನೇ ಬಂದು ಚಾ ಕುಡದು ಹೋದೆ. ಇದೂ ಒಂದು ಕರೆಯವಾ?"

ಮಹಾಗಣಪತಿ ಜಗುಲಿಯಲ್ಲಿ ಕೂತು ಮಷಿನ್ನಿನ ಪದ್ಧತಿಯಲ್ಲೇ ಯೋಚನೆ ಮಾಡಿದ. ಈ ಊಟದಿಂದ ಅತ್ತೆಯನ್ನು ತೆಗೆದು ನೋಡಿದ, ತೊಂದರೆ ಹೋಗಲಿಲ್ಲ. ಮಾವನನ್ನು ತೆಗೆದು ನೋಡಿದ, ಆಗಲೂ ಹೋಗಲಿಲ್ಲ. ದೊಡ್ಡಪ್ಪ, ಚಿಕ್ಕಮ್ಮ, ರಾಘು ಎಲ್ಲರನ್ನೂ ತೆಗೆದ. ಸಂಪದಾಳನ್ನು ತೆಗೆಯಲು ಮಾತ್ರ ಧೈರ್ಯ ಬರಲಿಲ್ಲ, ಅವಳನ್ನು ಪಕ್ಕಕ್ಕಿಟ್ಟ. ಕೊನೆಗೆ ಉಳಿದದ್ದು ಒಂದೇ ಹೆಸರು, ಅದು ಅವನದೇ.

"ಸಂಪದಾ" ಎಂದು ಕರೆದ. "ಊಟದ ದಿನ ಪಂಕ್ತೀಲಿ ಯನ್ನ ಎಲೆ ಹಾಕಡ. ಆನು ಕೂತ್ಕಳ್ತ್ನಿಲ್ಲೆ, ಆನೇ ಬಡಸ್ತೆ. ಆಗ ಎಂತ ತೊಂದ್ರೆನೂ ಬತ್ತಿಲ್ಲೆ."

ಸಂಪದಾ ಒಳಗಿನಿಂದಲೇ ಕೇಳಿದಳು: "ಬಡ್ಸದು ಶುರು ಮಾಡದು ಯಾರ ಎಲೆಯಿಂದ?"